ಮೂವತ್ತಾರು ಜೀವಗಳನ್ನು ಹೊತ್ತ ದೋಣಿ

ಸೇವೆಯಿಂದ ನಿವೃತ್ತವಾದ ವಸ್ತುವಿನ ಬಗೆಗೆ ಸಮಾಜವು ತೋರುವ ಆದರವು ಆ ಸಮಾಜದ ಕೃತಜ್ಞತಾಬುದ್ಧಿಯ ಅಳತೆಗೋಲು. ಇದಕ್ಕೆ ನಿದರ್ಶನವಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಕರಾವಳಿಯಲ್ಲಿರುವ ಒಂದು ಮರದ ದೋಣಿಯ ವೃತ್ತಾಂತವನ್ನು ಪರಿಶೀಲಿಸೋಣ.

ದೋಣಿಯ ಹೆಸರು 'ಸಿ.ಜಿ. 36500'. ಅಮೆರಿಕದ ಕರಾವಳಿ ರಕ್ಷಣಾ ದಳವು 1946ರಲ್ಲಿ ಮೇರಿಲ್ಯಾಂಡಿನ ಕರ್ಟಿಸ್ ಬೇ ಎಂಬಲ್ಲಿ ಇದನ್ನು ಕಟ್ಟಿತು. ಉದ್ದ 36 ಅಡಿ. ಅಲೆಯ ಹೊಡೆತಕ್ಕೆ ಮಗುಚಿದರೂ ತಾನಾಗಿಯೇ ನೆಟ್ಟಗಾಗುವಂತೆ, ಒಳನುಗ್ಗಿದ ನೀರು ತಾನಾಗಿಯೇ ಹೊರಹರಿಯುವಂತೆ ಇದರ ರಚನೆಯುಂಟು. ಸಮುದ್ರದಲ್ಲಿ ಆಪತ್ತಿಗೆ ಸಿಲುಕಿದವರನ್ನು ಕರೆತರುವುದೊಂದೇ ಇದರ ಕಾಯಕವಾಗಿತ್ತು.

1952ರ ಫೆಬ್ರವರಿ 18ರಂದು ಘೋರ ಚಳಿಗಾಲದ ಬಿರುಗಾಳಿಗೆ ಸಿಕ್ಕು 'ಪೆಂಡಲ್‌ಟನ್' ಎಂಬ ತೈಲದ ಹಡಗು ನಡುವೆ ಮುರಿದು ಎರಡು ಹೋಳಾಯಿತು. ಮುಂಭಾಗದಲ್ಲಿದ್ದ ಕಪ್ತಾನನೂ ಏಳು ಜನ ನಾವಿಕರೂ ಅಸುನೀಗಿದರು. ಹಿಂಭಾಗದ ಹೋಳಿನಲ್ಲಿ 33 ಜನರು ಜೀವ ಹಿಡಿದುಕೊಂಡಿದ್ದರು. ಅದೇ ದಿನ ಅದೇ ಕರಾವಳಿಯಾಚೆ 'ಫೋರ್ಟ್ ಮರ್ಸರ್' ಎಂಬ ಮತ್ತೊಂದು ತೈಲದ ಹಡಗೂ ಮುರಿದಿದ್ದುದರಿಂದ ರಕ್ಷಣಾ ದಳದ ಶಕ್ತಿಯು ಹಂಚಿಹೋಗಿತ್ತು.

ಆಗ ಚಾಥಮ್ ಠಾಣೆಯಿಂದ ಬರ್ನಾರ್ಡ್ ವೆಬರ್ ಎಂಬ ತರುಣ ನಾವಿಕನು ಆಂಡ್ರ್ಯೂ ಫಿಟ್ಜ್‌ಜೆರಾಲ್ಡ್, ರಿಚರ್ಡ್ ಲಿವ್ಸೀ, ಅರ್ವಿನ್ ಮಾಸ್ಕ್ ಎಂಬ ಮೂವರೊಡನೆ ಈ ದೋಣಿಯಲ್ಲಿ ಹೊರಟನು. ಬಂದರಿನ ಬಾಯಿಯ ಮರಳುದಿಬ್ಬವನ್ನು ದಾಟುವಾಗ ಅಲೆಗಳು ದೋಣಿಯ ಮುಂಗಾಜನ್ನು ಒಡೆದು ದಿಕ್ಸೂಚಿಯನ್ನೂ ಕೊಚ್ಚಿಕೊಂಡು ಹೋದವು. ಆದರೂ ಹಿಮ್ಮೆಟ್ಟದೆ, ಕತ್ತಲೆಯಲ್ಲಿ ಒಡೆದ ಹಡಗನ್ನು ಹುಡುಕಿ ತಲುಪಿದರು. ಹಗ್ಗದ ಏಣಿಯಿಂದ ಒಬ್ಬೊಬ್ಬರಾಗಿ ಇಳಿದವರಲ್ಲಿ 32 ಜನರನ್ನು ಉಳಿಸಿಕೊಂಡರು. ಒಬ್ಬನನ್ನು ಮಾತ್ರ ಸಮುದ್ರವು ಕಸಿದುಕೊಂಡಿತು. ತನ್ನ ಸಾಮರ್ಥ್ಯಕ್ಕೆ ಮೀರಿ 36 ಜೀವಗಳನ್ನು ಹೊತ್ತ ದೋಣಿಯು ದಿಕ್ಸೂಚಿಯಿಲ್ಲದೆಯೇ ದಡ ಸೇರಿತು. ನಾಲ್ವರಿಗೂ ಜೀವರಕ್ಷಣೆಯ ಸುವರ್ಣಪದಕ ದೊರೆಯಿತು.

ನಾವಿಕರಿಗೆ ಸಂದ ಗೌರವವು ದೋಣಿಗೆ ಸಲ್ಲಲಿಲ್ಲ. 1968ರಲ್ಲಿ ನಿವೃತ್ತವಾದ ಅದನ್ನು ಪ್ರದರ್ಶನಕ್ಕಿಡುವ ಉದ್ದೇಶವಿದ್ದರೂ ಅದು ಕೈಗೂಡದೆ, ಸುಮಾರು ಹದಿಮೂರು ವರ್ಷ ದೋಣಿಯು ಬಯಲಿನಲ್ಲಿ ಬಿದ್ದಿತು. ನೀರಿನಲ್ಲಿರುವ ಮರದ ದೋಣಿಯ ಹಲಗೆಗಳು ಉಬ್ಬಿ, ಸಂದುಗಳು ಬಿಗಿಯಾಗಿ ಮುಚ್ಚಿರುತ್ತವೆ. ನೆಲದ ಮೇಲಿಟ್ಟರೆ ಹಲಗೆಗಳು ಒಣಗಿ ಸಂದುಗಳು ಬಿಡುತ್ತವೆ. ಮಳೆನೀರು ನಿಂತಲ್ಲಿ ಮರವು ಕೊಳೆಯುತ್ತದೆ. ಬಿರುಗಾಳಿಯು ಮುರಿಯಲಾರದುದನ್ನು ಉದಾಸೀನತೆಯು ಮುರಿಯಬಲ್ಲದು.

1981ರಲ್ಲಿ ಆರ್ಲಿಯನ್ಸ್ ಪಟ್ಟಣದ ಇತಿಹಾಸ ಸಂಘವು ದೋಣಿಯನ್ನು ತನ್ನದಾಗಿಸಿಕೊಂಡಿತು. ಸುತ್ತಲಿನ ಊರುಗಳ ಸ್ವಯಂಸೇವಕರು ಕೂಲಿಯನ್ನು ಬಯಸದೆ ಹಳೆಯ ಬಣ್ಣವನ್ನು ಕೆರೆದರು, ಕೆಟ್ಟ ಭಾಗಗಳನ್ನು ಸರಿಪಡಿಸಿದರು. ಕೆಲವೇ ತಿಂಗಳುಗಳ ಶ್ರಮದಿಂದ 1982ರಲ್ಲಿ ದೋಣಿಯು ಪುನಃ ನೀರಿಗಿಳಿಯಿತು. 2005ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿ, ತೇಲುವ ವಸ್ತುಸಂಗ್ರಹಾಲಯವೆಂಬ ಖ್ಯಾತಿಯನ್ನು ಪಡೆಯಿತು. 2016ರಲ್ಲಿ ಅದರ ಸಾಹಸವು ಚಲನಚಿತ್ರವಾಗಿಯೂ ಬಂದಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತೇಲುವ ದೋಣಿಯನ್ನು ಒಮ್ಮೆ ದುರಸ್ತಿ ಮಾಡಿದರೆ ಸಾಲದು. ಕಾಲಕಾಲಕ್ಕೆ ಅದನ್ನು ದಡಕ್ಕೆಳೆದು ತಳವನ್ನು ಉಜ್ಜಬೇಕು, ಬಣ್ಣ ಬಳಿಯಬೇಕು, ಯಂತ್ರವನ್ನು ನಡೆಸಿ ನೋಡಬೇಕು. ಉದ್ಘಾಟನೆಯ ದಿನ ಸೇರುವ ಜನ ಅನೇಕರು. ಹತ್ತನೆಯ ವರ್ಷ ಕುಂಚ ಹಿಡಿದು ಬರುವವರು ವಿರಳ. ದೋಣಿಯು ಉಳಿಯುವುದು ಈ ವಿರಳರಿಂದಲೇ.

ಶರಣರು ಬೋಧಿಸಿದ ಕಾಯಕ ಮತ್ತು ದಾಸೋಹಗಳ ದೃಷ್ಟಿಯಿಂದ ನೋಡಿದರೆ ದೂರದೇಶದ ಈ ಘಟನೆಯು ನಮಗೆ ಅಪರಿಚಿತವೆನಿಸದು. ನಾಲ್ವರು ನಾವಿಕರು ಮಾಡಿದ್ದು ಕಾಯಕ. ಹೆಸರನ್ನು ಬಯಸದೆ ಬಣ್ಣ ಕೆರೆದವರು ಮಾಡಿದ್ದು ದಾಸೋಹ. ವಿದ್ಯಾಸಂಸ್ಥೆಯೂ ಇಂಥದೊಂದು ದೋಣಿಯೇ. ಅದರಲ್ಲಿ ಕುಳಿತು ದಡ ಸೇರಿದವರೆಲ್ಲರೂ, ಇಳಿದ ಮೇಲೊಮ್ಮೆ ಹಿಂದಿರುಗಿ ಅದರ ಹಲಗೆಗಳ ಸ್ಥಿತಿಯನ್ನು ವಿಚಾರಿಸುವುದು ಧರ್ಮವಾಗಿದೆ.