ಮೊಲದ ಲಿವರ್ ಮೇಲೆ ಬಿಳಿ ಚುಕ್ಕೆ ಕಂಡರೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಯಜಮಾನರ ಕೆಲಸದ ನಿಮಿತ್ತ ಆರು ವರ್ಷದಿಂದ ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿದ್ದೇವೆ. ಈ ಚಳಿಗಾಲ ಅವರು ಲೈಸೆನ್ಸ್ ಮಾಡಿಸಿಕೊಂಡು ಪಕ್ಕದ ಮನೆಯವರ ಜೊತೆ ಮೊಲದ ಬೇಟೆಗೆ ಹೋಗತೊಡಗಿದ್ದಾರೆ. ಹೋದ ಶನಿವಾರ ಎರಡು ಮೊಲ ತಂದು ಗ್ಯಾರೇಜಿನಲ್ಲಿ ಬರಿಗೈಯಲ್ಲೇ ಚರ್ಮ ಸುಲಿದರು. ಒಂದರ ಲಿವರ್ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆ ಇದ್ದವು. ಕೇಳಿದರೆ, "ನಮ್ಮಜ್ಜ ಎಷ್ಟು ಮೊಲ ತಿಂದಿಲ್ಲ? ಬೇಯಿಸಿದರೆ ಎಲ್ಲ ಸಾಯುತ್ತೆ ಬಿಡು" ಎಂದು ನಕ್ಕರು. ಲಿವರ್ ಎಸೆದು ಎರಡೂ ಮೊಲದ ಮಾಂಸವನ್ನು ಒಂದೇ ಚೀಲದಲ್ಲಿ ಫ್ರೀಜರಿಗೆ ಹಾಕಿದ್ದಾರೆ. ಏಳು ವರ್ಷದ ಮಗ ಪಕ್ಕದಲ್ಲೇ ಕೂತಿದ್ದ, ಮೊಲವನ್ನು ಮುಟ್ಟಿಯೂ ನೋಡಿದ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ?
– ಹೆಸರು ಬೇಡ

ಉತ್ತರ: ಇಲ್ಲಮ್ಮ, ನಿಮ್ಮ ಹೆದರಿಕೆಗೆ ಅರ್ಥವಿದೆ. ಮಾಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ಮಾಂಸ ಅಡುಗೆಗೆ ಬೇಡ. ಚೊಕ್ಕವಾಗಿದ್ದ ಮೊಲದ್ದೂ ಬೇಡ. ಒಂದೇ ಚಾಕು, ಒಂದೇ ಚೀಲ ಆದಮೇಲೆ ಎರಡೂ ಒಂದೇ. ಕೈಗವಸು ಹಾಕಿಕೊಂಡು, ಆ ಚೀಲದ ಮೇಲೆ ಇನ್ನೊಂದು ಚೀಲ ಕಟ್ಟಿ ಕಸಕ್ಕೆ ಹಾಕಿ. ನಾಯಿ ಬೆಕ್ಕುಗಳಿಗೆ ಹಾಕಬೇಡಿ. ಚಾಕು, ಹಲಗೆಗಳನ್ನು ಸೋಪಿನ ಬಿಸಿನೀರಲ್ಲಿ ಉಜ್ಜಿ ತೊಳೆದು, ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿ.

ಈಗ ಕಾರಣ. ನೀವಿರುವ ಕಡೆ ಕಾಡುಮೊಲಗಳಿಗೆ ಟುಲರೀಮಿಯಾ ಎಂಬ ರೋಗ ಬರುತ್ತದೆ. ಅಲ್ಲಿನವರು 'ಮೊಲದ ಜ್ವರ' ಎಂದೇ ಕರೆಯುತ್ತಾರೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಟುಲಾರೆ ಕೌಂಟಿಯಲ್ಲಿ ನೆಲ ಅಳಿಲುಗಳಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 200 ಮಂದಿಗೆ ತಗಲುತ್ತದೆ, ಅಷ್ಟೇ. ಆದರೆ ಅದರಲ್ಲಿ ಅರ್ಧದಷ್ಟು ಅರ್ಕನ್ಸಾ, ಕ್ಯಾನ್ಸಸ್, ಮಿಸ್ಸೌರಿ, ಒಕ್ಲಹೋಮ ಈ ನಾಲ್ಕೇ ರಾಜ್ಯಗಳಲ್ಲಿ. ಹತ್ತಿಪ್ಪತ್ತು ಬ್ಯಾಕ್ಟೀರಿಯಾ ಒಳಹೊಕ್ಕರೂ ಸಾಕು, ರೋಗ ಬರಬಹುದು. ಕೈಮೇಲಿನ ಕಾಣದಂಥ ತರಚು, ರಕ್ತದ ಕೈಯಲ್ಲಿ ಉಜ್ಜಿದ ಕಣ್ಣು, ಇವೇ ಅದಕ್ಕೆ ಬಾಗಿಲು. ಉಣ್ಣೆ ಕಚ್ಚಿದರೂ ಬರುತ್ತದೆ. ಮಂಗನ ಕಾಯಿಲೆಯ ಸೀಮೆಯಿಂದ ಹೋದ ನಿಮಗೆ ಉಣ್ಣೆಯ ಮಹಿಮೆ ನಾನು ಹೇಳಬೇಕಿಲ್ಲ.

ಇನ್ನು ಅಜ್ಜನ ಮಾತು. ಅಜ್ಜ ತಿಂದದ್ದು ಮಲೆನಾಡಿನ ಮೊಲ; ಅದರ ಜಾತಿಯೇ ಬೇರೆ, ಈ ರೋಗದ ಹೆಸರನ್ನೂ ಅವರು ಕೇಳಿರಲಾರರು. ಇಲ್ಲಿನ ಅನುಭವವನ್ನು ಅಲ್ಲಿಗೆ ಒಯ್ದರೆ ನಡೆಯುವುದಿಲ್ಲ. ಅಂದಹಾಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಕಾಡುಮೊಲ ಹೊಡೆಯುವುದು ಅಪರಾಧ. ಊರಿಗೆ ಬಂದಾಗ ಯಜಮಾನರಿಗೆ ಇದೂ ನೆನಪಿರಲಿ.

ಬೇಯಿಸಿದರೆ ಸಾಯುತ್ತದೆ ಎಂಬುದು ನಿಜ. ಒಳಗಿನ ಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಫ್ರೀಜರಿನಲ್ಲಿ ಮಾತ್ರ ಸಾಯದೆ ತಿಂಗಳುಗಟ್ಟಲೆ ಕೂತಿರುತ್ತದೆ. ಅದಕ್ಕಿಂತ ಮುಖ್ಯ, ಮಾಂಸ ಒಲೆ ಏರುವ ಹೊತ್ತಿಗೆ ಸುಲಿದ ಕೈಗೆ ಅದು ತಗಲಿ ಆಗಿರುತ್ತದೆ.

ಲಿವರ್ ನೋಡುವುದನ್ನು ಇಬ್ಬರೂ ಕಲಿಯಿರಿ. ಆರೋಗ್ಯವಂತ ಮೊಲದ ಲಿವರ್ ಕಡುಗೆಂಪು, ನಯ, ಹೊಳಪು; ಅಂಚು ತೆಳ್ಳಗಿರುತ್ತದೆ. ಟುಲರೀಮಿಯಾ ಬಂದದ್ದರಲ್ಲಿ ಲಿವರ್, ಗುಲ್ಮ ಎರಡೂ ಊದಿಕೊಂಡು, ಮೇಲೆ ಗಸಗಸೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದಿರುತ್ತವೆ. ಬೆಂದ ಸಬ್ಬಕ್ಕಿಯಂತೆ ನೀರು ತುಂಬಿದ ಪಾರದರ್ಶಕ ಗುಳ್ಳೆಗಳು ಲಿವರಿಗೋ ಕರುಳಿನ ಸುತ್ತಲೋ ಅಂಟಿಕೊಂಡಿದ್ದರೆ ಅದು ಲಾಡಿಹುಳುವಿನ ಮರಿ. ಮನುಷ್ಯರಿಗೆ ಅದು ತಗಲುವುದಿಲ್ಲ, ಹಸಿಯಾಗಿ ತಿಂದ ನಾಯಿಗೆ ತಗಲುತ್ತದೆ. ಹಳದಿ ಬೆರೆತ ಬಿಳಿಯ ದಪ್ಪ ಗಂಟುಗಳಿದ್ದರೆ ಅದು ಮೊಲಗಳದ್ದೇ ಇನ್ನೊಂದು ಲಿವರ್ ರೋಗ, ನಮಗೆ ಬರುವಂಥದ್ದಲ್ಲ. ಚರ್ಮದಡಿ ತೂತಿರುವ ಉಬ್ಬು, ಒಳಗೊಂದು ದಪ್ಪ ಹುಳು ಕಂಡರೆ ಅದು ನೊಣದ ಮರಿ. ನೋಡಲು ಅಸಹ್ಯ, ಆದರೆ ಆ ಭಾಗ ಕತ್ತರಿಸಿ ತೆಗೆದರೆ ಮಾಂಸಕ್ಕೆ ದೋಷವಿಲ್ಲ. ಚುಕ್ಕೆಯೋ ಗಂಟೋ ಎಂದು ಅನುಮಾನ ಬಂದರೆ ಇಡೀ ಮೊಲವನ್ನೇ ಬಿಡಿ. ಲಿವರ್ ಒಂದನ್ನೇ ಎಸೆದು ಉಳಿದದ್ದು ಇಟ್ಟುಕೊಳ್ಳುವುದು ತಪ್ಪು.

ಆದರೆ ರೋಗ ಹೊಸದಾಗಿ ತಗಲಿದ ಮೊಲದಲ್ಲಿ ಚುಕ್ಕೆ ಮೂಡಿರದೆಯೂ ಇರಬಹುದು. ಚುಕ್ಕೆ ಕಾಣಬೇಕೆಂದರೆ ಹೊಟ್ಟೆ ಸೀಳಬೇಕು, ಅಷ್ಟರಲ್ಲಿ ಕೈ ರಕ್ತದಲ್ಲಿರುತ್ತದೆ. ಅದಕ್ಕೇ ಕಣ್ಣಿನ ಪರೀಕ್ಷೆಗಿಂತ ಕೈಗವಸು ಮೊದಲು, ಪ್ರತಿ ಮೊಲಕ್ಕೂ. ಓಡದೆ ಮಂಕಾಗಿ ಕೂತ ಮೊಲ, ನಾಯಿ ಸುಲಭವಾಗಿ ಹಿಡಿದು ತಂದ ಮೊಲ ಮನೆಗೇ ಬೇಡ. ಸತ್ತು ಬಿದ್ದ ಮೊಲಗಳು ಕಂಡರೆ ಮುಟ್ಟದೆ, ಮಿಸ್ಸೌರಿಯ ಸಂರಕ್ಷಣಾ ಇಲಾಖೆಗೆ ಫೋನ್ ಮಾಡಿ. ಸುಲಿಯುವ ಜಾಗಕ್ಕೆ ಮಗನನ್ನು ಬಿಡಬೇಡಿ.

ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ರೋಗ ತಲೆಯೆತ್ತುತ್ತದೆ, ತಡವಾದರೆ ಮೂರು ವಾರ. ಅಷ್ಟು ದಿನ ಅಪ್ಪ, ಮಗ ಇಬ್ಬರ ಮೇಲೂ ಕಣ್ಣಿಡಿ. ತಟ್ಟನೆ ಜ್ವರ, ಚಳಿ, ಬೆರಳಲ್ಲಿ ಮಾಯದ ಹುಣ್ಣು, ಕಂಕುಳಲ್ಲಿ ನೋವಿನ ಗಂಟು, ಕಣ್ಣು ಕೆಂಪಾಗಿ ಊದುವುದು, ಇದರಲ್ಲಿ ಒಂದು ಕಂಡರೂ ಅಂದೇ ಡಾಕ್ಟರ ಬಳಿ ಹೋಗಿ. "ಕಾಡುಮೊಲ ಸುಲಿದಿದ್ದೆವು, ಲಿವರ್ ಮೇಲೆ ಬಿಳಿ ಚುಕ್ಕೆ ಇತ್ತು" ಎಂಬ ಮಾತು ಮೊದಲು ಬರಲಿ. ಹೇಳದಿದ್ದರೆ ಇದನ್ನು ಫ್ಲೂ ಎಂದುಕೊಳ್ಳುವುದು ಸುಲಭ. ಲ್ಯಾಬಿನವರೂ ಈ ಮಾದರಿಯನ್ನು ವಿಶೇಷ ಎಚ್ಚರದಿಂದ ಮುಟ್ಟಬೇಕಾಗುತ್ತದೆ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ. ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಗಳು ನಾಟುತ್ತವೆ. ಸಕಾಲದಲ್ಲಿ ಕೊಟ್ಟರೆ ವಾಸಿಯಾಗುವ ಕಾಯಿಲೆ ಇದು. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಯಜಮಾನರ ಬೇಟೆಯ ಹವ್ಯಾಸ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಮುಂದಿನ ಸಲ ಹೊರಡುವಾಗ ಅವರ ಚೀಲಕ್ಕೆ ಒಂದು ಡಬ್ಬಿ ರಬ್ಬರ್ ಕೈಗವಸು ನೀವೇ ಹಾಕಿಡಿ.