ಗಮನ ನಿಲ್ಲದ ಮಗು ಮತ್ತು ಮನೆಯ ಪಾಠ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟಿದ ಪ್ರತಿಯೊಂದು ಮಗುವೂ ಆರೋಗ್ಯದಿಂದ ಬೆಳೆದು, ತನ್ನ ಶಕ್ತಿಗೆ ತಕ್ಕ ವಿದ್ಯೆಯನ್ನು ಪಡೆಯುವಂತೆ ನೋಡಿಕೊಳ್ಳುವುದೂ ಕುಟುಂಬ ಕಲ್ಯಾಣವೇ. ಇರುವ ಇಬ್ಬರು ಮಕ್ಕಳಲ್ಲಿ ಒಂದು ಮಗು "ಇದಕ್ಕೆ ವಿದ್ಯೆ ಹತ್ತುವುದಿಲ್ಲ" ಎಂಬ ಮಾತಿಗೆ ಗುರಿಯಾಗಿ ಶಾಲೆ ಬಿಟ್ಟರೆ, ಆ ಕುಟುಂಬದ ಕಲ್ಯಾಣವು ಅಪೂರ್ಣವೇ ಸರಿ.

ಒಮ್ಮೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರೈತ ದಂಪತಿಗಳು ಐದನೆಯ ತರಗತಿಯ ಮಗನನ್ನು ಕರೆತಂದರು. ಹುಡುಗನ ಕೈಯ ಮೇಲೆ ಬಾಸುಂಡೆಗಳಿದ್ದವು. "ಹೊಡೆದವನು ನಾನೇ ಸ್ವಾಮಿ. ಒಂದು ಗಂಟೆ ಪುಸ್ತಕದ ಮುಂದೆ ಕೂರಿಸಿದರೂ ಎರಡು ಲೆಕ್ಕ ಮಾಡಲಿಲ್ಲ. ಮುಂದಿನ ವರ್ಷ ಕುರಿ ಕಾಯಲು ಕಳಿಸುತ್ತೇನೆ" ಎಂದರು ತಂದೆ. "ನನ್ನ ಮುದ್ದಿನಿಂದಲೇ ಮಗ ಕೆಟ್ಟನೆಂದು ಇವರು ಬೈಯುತ್ತಾರೆ" ಎಂದು ತಾಯಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಹುಡುಗನು ತೂಕದ ಯಂತ್ರವನ್ನು ಮೂರು ಸಲ ಹತ್ತಿ ಇಳಿದಿದ್ದನು; ರಸ್ತೆಯಲ್ಲಿ ಹೋದ ಟ್ರ್ಯಾಕ್ಟರು ಯಾರ ಮನೆಯದೆಂದು ಸದ್ದಿನಿಂದಲೇ ಹೇಳಿದನು. ಬುದ್ಧಿಗೆ ಕೊರತೆಯಿರಲಿಲ್ಲ. ಆ ಬುದ್ಧಿಯು ಒಂದೆಡೆ ನಿಲ್ಲುತ್ತಿರಲಿಲ್ಲ, ಅಷ್ಟೇ.

ಇದು ಏನು?

ಈ ಸ್ಥಿತಿಯನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನುತ್ತಾರೆ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎಂದು ಬರೆಯುವುದುಂಟು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ನೂರು ಮಕ್ಕಳಲ್ಲಿ ಸುಮಾರು ಐವರಲ್ಲಿ ಇದು ಕಂಡುಬರುತ್ತದೆ. ಮೊಬೈಲಿನಿಂದ ಬಂದ ಹೊಸ ರೋಗವೆಂದು ಕೆಲವರು ತಿಳಿಯುತ್ತಾರೆ. ಆದರೆ 1902ರಲ್ಲಿಯೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು ಇಂತಹ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿದ್ದರು.

ಇದರ ಮುಖ್ಯ ಲಕ್ಷಣಗಳು ಹೀಗಿವೆ:

1. ಪಾಠದಲ್ಲಿ ಗಮನ ನಿಲ್ಲದಿರುವುದು. ತಿಳಿದ ಲೆಕ್ಕದಲ್ಲಿಯೂ ಅಜಾಗರೂಕತೆಯ ತಪ್ಪುಗಳು.
2. ಆರಂಭಿಸಿದ ಕೆಲಸವನ್ನು ಅರ್ಧಕ್ಕೆ ಬಿಡುವುದು.
3. ಪುಸ್ತಕ, ಪೆನ್ಸಿಲುಗಳನ್ನು ಪದೇ ಪದೇ ಕಳೆಯುವುದು, ಹೇಳಿದ್ದನ್ನು ಮರೆಯುವುದು.
4. ಕುಳಿತಲ್ಲಿ ಕುಳಿತಿರಲಾರದೆ ಓಡಾಡುವುದು.
5. ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವುದು, ಸರದಿಗೆ ಕಾಯಲಾರದಿರುವುದು.

ಎಲ್ಲ ಮಕ್ಕಳೂ ಒಮ್ಮೊಮ್ಮೆ ಹೀಗೆ ಮಾಡುವುದುಂಟು. ಆದರೆ ಈ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿ, ಆರು ತಿಂಗಳಿಗೂ ಮೀರಿ ಇದ್ದು, ಮನೆ ಮತ್ತು ಶಾಲೆ ಎರಡರಲ್ಲಿಯೂ ತೊಂದರೆ ಕೊಡುತ್ತಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅವರಲ್ಲಿ ಅನೇಕರು ಓಡಾಡುವುದಿಲ್ಲ. ಸುಮ್ಮನೆ ಕುಳಿತು ಎತ್ತಲೋ ನೋಡುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಅವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. "ಓದು ತಲೆಗೆ ಹತ್ತಲಿಲ್ಲ" ಎಂದು ಅಂತಹ ಹುಡುಗಿಯನ್ನು ಶಾಲೆ ಬಿಡಿಸಿ ಮದುವೆಯ ಮಾತೆತ್ತುವುದು ದೊಡ್ಡ ಅನ್ಯಾಯ.

ತಪ್ಪು ಯಾರದು?

ತಾಯಿಯ ಮುದ್ದೂ ಅಲ್ಲ, ತಂದೆಯ ಸಡಿಲವೂ ಅಲ್ಲ, ಗ್ರಹಚಾರವೂ ಅಲ್ಲ. ಈ ತೊಂದರೆಯು ಬಹುಮಟ್ಟಿಗೆ ವಂಶದಲ್ಲಿ ಬರುವಂಥದು. "ಇವನಪ್ಪನೂ ಚಿಕ್ಕಂದಿನಲ್ಲಿ ಹೀಗೆಯೇ ಇದ್ದ" ಎಂದು ಅಜ್ಜಿ ಹೇಳಿದರೆ, ಆ ಮಾತನ್ನು ವೈದ್ಯರಿಗೂ ತಿಳಿಸಿರಿ. ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು. ಆದಕಾರಣ ಪತಿಪತ್ನಿಯರು ಪರಸ್ಪರ ದೂಷಿಸುವುದನ್ನು ಬಿಟ್ಟು, ಇಬ್ಬರೂ ಒಂದೇ ಕ್ರಮವನ್ನು ಅನುಸರಿಸಬೇಕು.

ಮೊದಲು ಪರೀಕ್ಷೆ

ಕಣ್ಣು ಕಾಣದ, ಕಿವಿ ಕೇಳದ ಮಗುವೂ ಪಾಠದಲ್ಲಿ ಗಮನವಿಡಲಾರದು. ರಕ್ತಹೀನತೆ, ನಿದ್ರೆಯ ಕೊರತೆ, ಕ್ಷಣಕಾಲ ಎಚ್ಚರ ತಪ್ಪಿಸುವ ಒಂದು ಬಗೆಯ ಮೂರ್ಛೆರೋಗ, ಅಕ್ಷರ ಕಲಿಕೆಯದೇ ಆದ ತೊಂದರೆ ಇವೂ ಇದೇ ರೀತಿ ತೋರಬಹುದು. ಇವನ್ನೆಲ್ಲ ಪರೀಕ್ಷಿಸಿದ ಮೇಲೆಯೇ ನಿರ್ಧಾರಕ್ಕೆ ಬರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಈ ತೊಂದರೆಯೂ ಅದರ ಪಟ್ಟಿಯಲ್ಲಿದೆ. ನಿಮ್ಮ ಸಂಶಯವನ್ನು ಅವರಿಗಾಗಲಿ, ಆಶಾ ಕಾರ್ಯಕರ್ತೆಗಾಗಲಿ ಸಂಕೋಚವಿಲ್ಲದೆ ತಿಳಿಸಿರಿ.

ಮನೆಯಲ್ಲಿ ಓದಿಸುವ ಕ್ರಮ

ಹಸಿದ ಎತ್ತಿಗೆ ಇಡೀ ಬಣವೆಯನ್ನು ಒಮ್ಮೆಲೇ ಹಾಕುವವರಿಲ್ಲ. ಹಿಡಿ ಹಿಡಿಯಾಗಿ ಹಾಕುತ್ತೇವೆ. ಪಾಠವನ್ನೂ ಹಾಗೆಯೇ ಕೊಡಬೇಕು.

ಒಂದು ಗಂಟೆ ಕೂರಿಸುವ ಬದಲು ಹತ್ತು ಅಥವಾ ಹದಿನೈದು ನಿಮಿಷ ಓದಿಸಿ, ಐದು ನಿಮಿಷ ಎದ್ದು ಓಡಾಡಲು ಬಿಡಿರಿ. ಮಗುವಿಗೆ ಕಾಣುವಂತೆ ಗಡಿಯಾರವನ್ನಿಡಿರಿ. ಹತ್ತು ಲೆಕ್ಕಗಳಿದ್ದರೆ ಮೊದಲು ಮೂರನ್ನು ಮಾತ್ರ ತೋರಿಸಿ, ಉಳಿದವನ್ನು ಹಾಳೆಯಿಂದ ಮುಚ್ಚಿರಿ. ಮೂರು ಮುಗಿದೊಡನೆ "ಮೂರನ್ನೂ ನೀನೇ ಮುಗಿಸಿದೆ" ಎಂದು ಹೇಳಿರಿ. ಮೆಚ್ಚುಗೆಯು ಆ ಕ್ಷಣದಲ್ಲಿಯೇ ಸಿಗಬೇಕು. ಪರೀಕ್ಷೆ ಪಾಸಾದರೆ ಸೈಕಲ್ಲು ಎಂಬ ದೂರದ ಆಸೆಯು ಇಂತಹ ಮಗುವನ್ನು ಇಂದು ಸಂಜೆ ಓದಿಗೆ ಕೂರಿಸಲಾರದು.

ಪ್ರತಿದಿನ ಒಂದೇ ವೇಳೆ, ಒಂದೇ ಜಾಗವಿರಲಿ. ಮಗುವಿನ ಮುಖ ಗೋಡೆಯ ಕಡೆಗಿರಲಿ; ಆ ಹೊತ್ತಿನಲ್ಲಿ ಟಿ.ವಿ. ಆರಿರಲಿ. ಕೆಲಸ ಹೇಳುವಾಗ ಹತ್ತಿರ ಹೋಗಿ, ಹೆಸರು ಕರೆದು, ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ಮನಸ್ಸಿನಲ್ಲಿ ನಿಲ್ಲದ್ದನ್ನು ಗೋಡೆಯ ಮೇಲೆ ನಿಲ್ಲಿಸಿರಿ: ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬರೆದು ಅಂಟಿಸಿ, ಮುಗಿದುದಕ್ಕೆ ಮಗುವೇ ಗೆರೆ ಎಳೆಯಲಿ. ಶಾಲೆಯ ಚೀಲವನ್ನು ರಾತ್ರಿಯೇ ಸಿದ್ಧಪಡಿಸಿರಿ. ಓದಿಗೆ ಮುನ್ನ ಆಟ, ರಾತ್ರಿ ಒಂಬತ್ತು ಗಂಟೆಗಿಂತ ಕಡಿಮೆಯಿಲ್ಲದ ನಿದ್ರೆ ಎಳೆಯ ಮಕ್ಕಳಿಗೆ ಅವಶ್ಯ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಕಾಳು ಹಸನು ಮಾಡುತ್ತ ಪಕ್ಕದಲ್ಲಿ ಕುಳಿತರೂ ಮಗುವಿಗೆ ಅದು ಆಧಾರವೇ.

ಹೊಡೆತದಿಂದ ಗಮನ ಬೆಳೆಯುವುದಿಲ್ಲ. ಪುಸ್ತಕದ ಮೇಲಿನ ಭಯ ಬೆಳೆಯುತ್ತದೆ. ಇಂತಹ ಮಕ್ಕಳು ಮುಂದಾಲೋಚನೆಯಿಲ್ಲದೆ ನುಗ್ಗುವುದರಿಂದ ತೆರೆದ ಬಾವಿ, ಕೃಷಿಹೊಂಡ, ಯಂತ್ರ ಮತ್ತು ಕೀಟನಾಶಕಗಳ ಬಳಿ ಹೆಚ್ಚಿನ ಕಾವಲು ಇರಲಿ.

ಮೊಬೈಲು ಮತ್ತು ಟಿ.ವಿ.ಯ ಮೂಲಕ ಪಾಠ

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೂ ಚಂದನ ವಾಹಿನಿಗೂ ಬಂದವು. ಎದುರಿಗೆ ಉಪಾಧ್ಯಾಯರಿಲ್ಲದೆ, ಗಂಟೆಯ ಸದ್ದಿಲ್ಲದೆ, ಗಮನ ನಿಲ್ಲದ ಮಕ್ಕಳು ಬಹಳ ಹಿಂದುಳಿದರು. ಅದೇ ವರ್ಷ ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರು ಹಳ್ಳಿಗೇ ಬಂದು, ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಸಣ್ಣ ಗುಂಪುಗಳಿಗೆ ಕಲಿಸಿದರು. ಇಂತಹ ಮಗುವಿಗೆ ಬೇಕಾದುದು ಅದೇ: ಚಿಕ್ಕ ಗುಂಪು, ಹತ್ತಿರದಲ್ಲಿ ಒಬ್ಬ ಹಿರಿಯರು.

ಇಂದಿಗೂ ಮನೆಪಾಠವು ಮೊಬೈಲಿನಲ್ಲಿ ಬರುವುದುಂಟು. ಆಗ ಮೊಬೈಲನ್ನು ಮಗುವಿನ ಕೈಗೆ ಕೊಡದೆ ಎದುರಿಗೆ ಆನಿಸಿಡಿರಿ. ಬೇರೆ ಸಂದೇಶಗಳ ಸದ್ದನ್ನು ನಿಲ್ಲಿಸಿರಿ. ಹತ್ತು ನಿಮಿಷಕ್ಕೊಮ್ಮೆ ಪಾಠವನ್ನು ತಡೆದು, "ಏನು ಹೇಳಿದರು? ನನಗೂ ಹೇಳು" ಎಂದು ಕೇಳಿರಿ. ಮನೆಪಾಠವನ್ನು ಕಾಗದದ ಮೇಲೆ ಬರೆಸಿಕೊಂಡು, ಮುಗಿದೊಡನೆ ಮೊಬೈಲನ್ನು ಹಿಂದಕ್ಕೆ ಪಡೆಯಿರಿ.

ಶಾಲೆಯ ಸಹಕಾರ

ಉಪಾಧ್ಯಾಯರನ್ನು ಭೇಟಿಯಾಗಿ ವಿಷಯ ತಿಳಿಸಿರಿ. ಮಗುವನ್ನು ಕಿಟಕಿಯಿಂದ ದೂರ, ಮೊದಲ ಸಾಲಿನಲ್ಲಿ ಕೂರಿಸುವಂತೆಯೂ, ಹಲಗೆ ಒರೆಸುವ, ಪುಸ್ತಕ ಹಂಚುವ ಕೆಲಸವನ್ನು ಕೊಡುವಂತೆಯೂ ಕೋರಿರಿ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ.

ಚಿಕಿತ್ಸೆ

ಆರು ವರ್ಷದೊಳಗಿನ ಮಕ್ಕಳಿಗೆ ಪಾಲಕರ ತರಬೇತಿಯೇ ಮೊದಲ ಚಿಕಿತ್ಸೆ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದರೆ ತಜ್ಞರು ಮೀಥೈಲ್‌ಫೆನಿಡೇಟ್ ಮುಂತಾದ ಔಷಧಗಳನ್ನು ಬರೆದುಕೊಡುತ್ತಾರೆ. ಇವುಗಳಿಂದ ಅನೇಕ ಮಕ್ಕಳಿಗೆ ಗುಣ ಕಂಡಿದೆ. ಹಸಿವು ಮತ್ತು ನಿದ್ರೆ ಕಡಿಮೆಯಾಗಬಹುದಾದ್ದರಿಂದ ತೂಕ, ಎತ್ತರಗಳನ್ನು ಆಗಾಗ ನೋಡಿಸಬೇಕು. ತಜ್ಞರ ಚೀಟಿಯಿಲ್ಲದೆ ಕೊಡುವುದಾಗಲಿ, ಕೇಳದೆ ನಿಲ್ಲಿಸುವುದಾಗಲಿ ಕೂಡದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ವಿಭಾಗವನ್ನೂ ಕಾಣಬಹುದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ.

ಮೊದಲು ಹೇಳಿದ ಹುಡುಗ ಈಗ ಏಳನೆಯ ತರಗತಿಯಲ್ಲಿದ್ದಾನೆ. ತರಗತಿಗೆ ಮೊದಲಿಗನೇನೂ ಅಲ್ಲ. ಪೆನ್ಸಿಲನ್ನು ಇನ್ನೂ ಕಳೆಯುತ್ತಾನೆ. ಆದರೆ ಸಂಜೆಯ ಲೆಕ್ಕಗಳನ್ನು ಮೂರು ಮೂರಾಗಿ ಮುಗಿಸುತ್ತಾನೆ. ಕುರಿ ಕಾಯಲು ಹೋಗಲಿಲ್ಲ. ತಂದೆ ಕೋಲನ್ನು ಹಿತ್ತಲಿನ ಅವರೆಬಳ್ಳಿಗೆ ಊರಿದ್ದಾರಂತೆ.

ದಂಪತಿಗಳು ಕೂಡಿ ಚರ್ಚಿಸಿರಿ

1. ನಮ್ಮ ಮಗು ಎಷ್ಟು ನಿಮಿಷ ಬಿಡದೆ ಓದಬಲ್ಲದು? ನಾವು ಎಷ್ಟು ಹೊತ್ತು ಕೂರಿಸುತ್ತಿದ್ದೇವೆ?
2. ಈ ದಿನ ಮಗುವನ್ನು ಎಷ್ಟು ಸಲ ಬೈದೆವು? ಎಷ್ಟು ಸಲ ಮೆಚ್ಚಿದೆವು?
3. ಸಂಜೆ ಮಗುವಿನ ಪಕ್ಕದಲ್ಲಿ ಕೂರುವವರು ನಮ್ಮಲ್ಲಿ ಯಾರು?