ಮೊಬೈಲಿನ ನವೀಕರಣ: ನಿಸ್ತಂತುವೋ, ಕಂಪ್ಯೂಟರೋ?



ಕೂರಿಗೆ, ಕುಂಟೆಗಳ ಸಾಲಿಗೆ ಈಗ ಮೊಬೈಲ್ ಫೋನೂ ಸೇರಿದೆ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ವಿವರವನ್ನು ರೈತರೇ ಫೋಟೋ ಸಹಿತ ಕಳಿಸಲು ಅವಕಾಶವಾಗಿದೆ. ಬ್ಯಾಂಕಿನ ಸಂದೇಶ, ಪಿ.ಎಂ. ಕಿಸಾನ್ ಯೋಜನೆಯ ಒ.ಟಿ.ಪಿ. ಎಲ್ಲವೂ ಬರುವುದು ಅದರಲ್ಲಿಯೇ. ಆದುದರಿಂದ ಫೋನಿನ ಮೇಲೆ 'ಸಾಫ್ಟ್‌ವೇರ್ ಅಪ್‌ಡೇಟ್' ಎಂಬ ಸೂಚನೆ ಕಂಡಾಗ ಏನು ಮಾಡತಕ್ಕದ್ದೆಂದು ತಿಳಿದಿರುವುದು ಅವಶ್ಯ. ಮಟಮಾರಿ ಸುತ್ತಿನ ಹಳ್ಳಿಗಳಲ್ಲಿ ಕೆಲವರು ಅದನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡುತ್ತಾರೆ. ಕೆಲವರು ಕೂಡಲೇ ರಾಯಚೂರಿನ ಅಂಗಡಿಗೆ ಒಯ್ದು ಕಂಪ್ಯೂಟರಿಗೆ ಹಚ್ಚಿಸುತ್ತಾರೆ. ಎರಡೂ ಸರಿಯಲ್ಲ.

ಫೋನು ಹೇಗೆ ನಡೆಯಬೇಕೆಂದು ತಯಾರಕರು ಅದರೊಳಗೆ ತುಂಬಿಟ್ಟ ಮೂಲ ಆಜ್ಞೆಗಳಿಗೆ ಫರ್ಮ್‌ವೇರ್ ಎನ್ನುತ್ತಾರೆ. ಅದರಲ್ಲಿ ಕಂಡುಬಂದ ದೋಷಗಳನ್ನು, ಕಳ್ಳರು ನುಗ್ಗಬಹುದಾದ ಸಂದುಗಳನ್ನು ಮುಚ್ಚಲು ಅವರು ಆಗಾಗ ತಿದ್ದುಪಡಿ ಕಳಿಸುತ್ತಾರೆ. ಹೊಸ ಶಕ್ತಿ ಬರುವುದೂ ಉಂಟು. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ 5ಜಿ ಸೇವೆ ಆರಂಭವಾದಾಗ, 5ಜಿ ಎಂದು ಕೊಂಡಿದ್ದ ಎಷ್ಟೋ ಫೋನುಗಳಲ್ಲಿ ಅದು ಸಿಗಲಿಲ್ಲ. ಯಂತ್ರ ಸಿದ್ಧವಿತ್ತು, ಆಜ್ಞೆ ಇರಲಿಲ್ಲ. ಐಫೋನುಗಳಿಗೆ ಆ ಆಜ್ಞೆ ಬಂದುದು ಅದೇ ಡಿಸೆಂಬರಿನಲ್ಲಿ, ಗಾಳಿಯ ಮೂಲಕವೇ. ಯಾರೂ ಫೋನನ್ನು ಅಂಗಡಿಗೆ ಒಯ್ಯಬೇಕಾಗಲಿಲ್ಲ.

ನಿಸ್ತಂತು ಪದ್ಧತಿಯೆಂದರೆ ಇದೇ. ಇದರಲ್ಲಿ ಸಾಮಾನ್ಯವಾಗಿ ಬದಲಾದ ಭಾಗ ಮಾತ್ರ ಬರುತ್ತದೆ. ಹತ್ತಿಯ ಹೊಲದಲ್ಲಿ ಮೊಳೆಯದ ಗುಣಿಗಳಿಗಷ್ಟೇ ಮತ್ತೆ ಬೀಜ ಊರಿದ ಹಾಗೆ. ನಿಮ್ಮ ಫೋಟೋ, ಸಂದೇಶಗಳು ಇದ್ದಲ್ಲಿಯೇ ಇರುತ್ತವೆ. ಬಂದ ಕಡತ ತಯಾರಕರದೇ ಹೌದೋ ಅಲ್ಲವೋ ಎಂಬುದನ್ನು ಫೋನು ತಾನೇ ಪರೀಕ್ಷಿಸುತ್ತದೆ. ಇಳಿಸಿಕೊಳ್ಳುವಾಗ ಸಿಗ್ನಲ್ ಹೋದರೆ ಹೆದರಬೇಕಿಲ್ಲ. ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯುತ್ತದೆ. 2016ರ ಆಂಡ್ರಾಯ್ಡ್ 7ರಿಂದ ಇನ್ನೊಂದು ಅನುಕೂಲವೂ ಬಂದಿದೆ. ಈಗಿನ ಅನೇಕ ಫೋನುಗಳಲ್ಲಿ ಹಳೆಯ ಆಜ್ಞೆ ಒಂದು ಕೋಣೆಯಲ್ಲಿ ನಡೆಯುತ್ತಿರುವಾಗಲೇ ಹೊಸದು ಇನ್ನೊಂದರಲ್ಲಿ ಸಿದ್ಧವಾಗುತ್ತದೆ. ಹೊಸದು ಏಳದಿದ್ದರೆ ಫೋನು ಹಳೆಯದಕ್ಕೇ ಮರಳುತ್ತದೆ.

ಮನೆಯಲ್ಲಿ ವೈಫೈ ಇಲ್ಲವೆನ್ನುವವರು ಮಗನ ಅಥವಾ ನೆರೆಯವರ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಳ್ಳಬಹುದು. ಅವರ ಡೇಟಾ ಖರ್ಚಾಗುತ್ತದೆ, ಕೇಳಿಯೇ ಹಚ್ಚಿಕೊಳ್ಳಿರಿ. ಸಣ್ಣ ತಿದ್ದುಪಡಿಗೆ ಕೆಲವು ನೂರು ಎಂ.ಬಿ., ದೊಡ್ಡದಕ್ಕೆ ಹಲವು ಜಿ.ಬಿ. ಬೇಕಾದೀತು.

ಕಂಪ್ಯೂಟರಿನದು ಬೇರೆ ಬಗೆ. ಅಲ್ಲಿ ಹೆಚ್ಚಾಗಿ ಪೂರ್ತಿ ಫರ್ಮ್‌ವೇರನ್ನೇ ತಂತಿಯ ಮೂಲಕ ತುಂಬುತ್ತಾರೆ. ಇದು ಇಡೀ ಹೊಲವನ್ನು ಹರಗಿ ಹೊಸದಾಗಿ ಬಿತ್ತಿದಂತೆ. ತಯಾರಕರದೇ ತಂತ್ರಾಂಶ ಬಳಸಿದರೆ ಮಾಹಿತಿ ಉಳಿಯುವುದುಂಟು. ಆದರೆ ಅಂಗಡಿಗಳಲ್ಲಿ 'ಫ್ಲಾಶ್' ಮಾಡುವಾಗ ಬಹಳ ಸಲ ಎಲ್ಲವೂ ಅಳಿಯುತ್ತದೆ. ನಡುವೆ ಕರೆಂಟು ಹೋದರೆ ಅಥವಾ ತಂತಿ ಸಡಿಲಿದರೆ ಫೋನು ಅರೆಜೀವವಾಗಿ ನಿಲ್ಲುತ್ತದೆ. ಆದರೂ ಈ ದಾರಿ ಬೇಡವೆಂದಲ್ಲ. ಫೋನು ಕಂಪನಿಯ ಗುರುತು ತೋರಿಸಿ ಮುಂದೆ ಹೋಗದಿದ್ದಾಗ ಇದೇ ಗತಿ. ಫೋನಿನಲ್ಲಿ ಜಾಗವಿಲ್ಲದೆ ನಿಸ್ತಂತು ತಿದ್ದುಪಡಿ ಇಳಿಯದಿದ್ದಾಗಲೂ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಕಡತ ಕಂಪ್ಯೂಟರಿನಲ್ಲಿ ಇರುತ್ತದೆ. ಇಂಥ ಕೆಲಸಕ್ಕೆ ಆ ಕಂಪನಿಯ ಅಧಿಕೃತ ಸೇವಾ ಕೇಂದ್ರವನ್ನೇ ಹುಡುಕಬೇಕು.

ಇಲ್ಲೊಂದು ಮಾತು ಮುಖ್ಯ. ನಮ್ಮಲ್ಲಿ ಅನೇಕರ ಗೂಗಲ್ ಖಾತೆಯನ್ನು ಫೋನು ಮಾರಿದ ಅಂಗಡಿಯ ಹುಡುಗನೇ ತೆರೆದುಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ. ಫೋನನ್ನು ಪೂರ್ತಿ ಅಳಿಸಿ ತುಂಬಿದ ಮೇಲೆ ಅದು ಹಳೆಯ ಖಾತೆಯ ಪಾಸ್‌ವರ್ಡ್ ಕೇಳಬಹುದು. ಹೇಳಲಾಗದಿದ್ದರೆ ಚೆನ್ನಾಗಿರುವ ಫೋನೂ ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ. ಈ ವಾರವೇ ಮನೆಯ ಹುಡುಗರಿಂದ ಖಾತೆಯ ಹೆಸರು, ಪಾಸ್‌ವರ್ಡ್ ಸರಿಪಡಿಸಿಕೊಂಡು, ಬರೆದು, ಪಹಣಿ ಇಡುವ ಜಾಗದಲ್ಲಿ ಇಡಿರಿ.

ಯಾವ ಪದ್ಧತಿಯಾದರೂ ಮೊದಲು ಬೆಳೆ ಸಮೀಕ್ಷೆಯ ಫೋಟೋಗಳು ಆ್ಯಪಿನಿಂದ ಹೋಗಿವೆಯೇ ನೋಡಿರಿ. ಫೋನಿನಲ್ಲಿಯೇ ಉಳಿದಿದ್ದು ಅಳಿದರೆ ಮತ್ತೆ ಹೊಲಕ್ಕೆ ಹೋಗಬೇಕು. ಅಷ್ಟರಲ್ಲಿ ಬೆಳೆ ಕೊಯ್ದಿದ್ದರೆ ಏನು ತೋರಿಸುವಿರಿ? ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ. ಒ.ಟಿ.ಪಿ. ಬರಬೇಕಾದ ದಿನ ಈ ಕೆಲಸಕ್ಕೆ ಕೈಹಾಕಬಾರದು. ರಾತ್ರಿ ಊಟವಾದ ಮೇಲೆ ಹಚ್ಚಿ ಮಲಗುವುದು ನನಗೆ ಸರಿಕಂಡ ವೇಳೆ.

ಕೊನೆಯದಾಗಿ, ತಿದ್ದುಪಡಿ ಬರುವುದು ಫೋನಿನ ಸೆಟ್ಟಿಂಗ್ಸ್‌ನೊಳಗಿಂದ. ವಾಟ್ಸಾಪಿನಲ್ಲಿ 'ಪಿ.ಎಂ. ಕಿಸಾನ್' ಎಂದೋ 'ಅಪ್‌ಡೇಟ್ ಮಾಡಿ' ಎಂದೋ ಬರುವ ಎ.ಪಿ.ಕೆ. ಕಡತ ತಿದ್ದುಪಡಿಯಲ್ಲ, ಅದು ಒ.ಟಿ.ಪಿ. ಕದ್ದು ಖಾತೆ ಬರಿದು ಮಾಡುವ ಉಪಾಯ. ಅಕಸ್ಮಾತ್ ಒತ್ತಿದ್ದರೆ ಇಂಟರ್ನೆಟ್ ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ, ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಆ ಕರೆಯನ್ನು ಬೇರೆಯವರ ಫೋನಿನಿಂದ ಮಾಡಿರಿ.